ಬಂಡೆಲೋಳೆಯ ನಲವತ್ತು ಪಾಲು

ನಲವತ್ತು ಹೆಂಗಸರ ಹೊಟ್ಟೆಯೊಳಗೆ ಏನು ನಡೆದಿದೆ ಎಂದು ಧಾರವಾಡದಲ್ಲಿ ಕುಳಿತು ನೋಡುವುದು ನನ್ನ ಕೆಲಸವಾಗಿತ್ತು. ಕೇಳಿದವರೆಲ್ಲ ನಗುತ್ತಿದ್ದರು. ನನ್ನ ಗಂಡನಂತೂ, "ಮಂದಿ ಹೊಟ್ಟಿ ನೋಡಿ ಸಾಕಾಗಿದ್ರ ನಮ್ಮ ಹೊಟ್ಟಿ ಕಡೆನೂ ಸ್ವಲ್ಪ ನೋಡು" ಎಂದು ದಿನಾ ಸಂಜೆ ಅದೇ ಮಾತನ್ನಾಡಿ, ಕೊನೆಗೆ ತಾನೇ ಅಕ್ಕಿ ತೊಳೆದಿಡುತ್ತಿದ್ದ.

ಕೀಲುಜ್ವರ ಬಂದುಹೋಗಿ ಆಗ ಆರು ವರ್ಷ. ಜ್ವರ ಹೋಯಿತು, ನೋವು ಉಳಿಯಿತು. ಬೆರಳು, ಮಣಿಕಟ್ಟು, ಮೊಣಕಾಲು ಬಾತು ಬಿಗಿದುಕೊಂಡು ಊರಿಗೆ ಊರೇ ಹಾಸಿಗೆ ಹಿಡಿದಿತ್ತು. ಆಮೇಲೆ ಕೆಂಪು ಗುಳಿಗೆ ಬಂತು. ಬೆಳಿಗ್ಗೆ ಒಂದು ನುಂಗಿದರೆ ಅರ್ಧ ಗಂಟೆಯಲ್ಲಿ ಬೆರಳು ಮಡಚಲು ಬರುತ್ತಿತ್ತು, ಜನ ಎದ್ದು ಓಡಾಡಿದರು. ಆದರೆ ಕೀಲಿಗೆ ಬಾತುಕೋ ಎಂದು ಹೇಳುವ ರಸವೂ, ಹೊಟ್ಟೆಯ ಗೋಡೆಗೆ ಲೋಳೆ ಬಳಿದುಕೋ ಎಂದು ಹೇಳುವ ರಸವೂ ದೇಹದಲ್ಲಿ ಒಂದೇ ಮನೆತನದವು. ಗುಳಿಗೆಗೆ ಆ ಭೇದ ತಿಳಿಯದು, ಎರಡರ ಬಾಯನ್ನೂ ಮುಚ್ಚಿಸುತ್ತಿತ್ತು. ಲೋಳೆಯಿಲ್ಲದ ಹೊಟ್ಟೆ ತನ್ನ ಆಮ್ಲದಿಂದ ತಾನೇ ಸುಟ್ಟುಕೊಳ್ಳುತ್ತಿತ್ತು. ಆಮ್ಲ ತಗ್ಗಿಸುವ ಔಷಧಿ ಕೊಟ್ಟರೆ ಕೆಂಪು ಗುಳಿಗೆ ಕರಗುತ್ತಲೇ ಇರಲಿಲ್ಲ. ಹೀಗಾಗಿ ನಡೆದಾಡುವವರಿಗೆಲ್ಲ ಹುಣ್ಣು, ಹುಣ್ಣಿಲ್ಲದವರೆಲ್ಲ ಹಾಸಿಗೆಯಲ್ಲಿ.

ನಮ್ಮ ಔಷಧಿ ಸಸ್ಯ ಕೇಂದ್ರದಲ್ಲಿ ಅತಿಮಧುರ, ಬಾಳೆಕಾಯಿ, ನೆಲ್ಲಿಕಾಯಿ, ಶತಾವರಿ ಎಂದು ಅಜ್ಜಿಯರು ಹೇಳಿದ್ದನ್ನೆಲ್ಲ ಇಲಿಗಳಿಗೆ ತಿನ್ನಿಸಿ ನೋಡಿದ್ದೆವು. ಇಲಿಗಳಿಗೆ ಎಲ್ಲದರಿಂದಲೂ ಸ್ವಲ್ಪ ಸ್ವಲ್ಪ ಗುಣವಾಯಿತು. ಕೆಂಪು ಗುಳಿಗೆಯ ಎದುರು ಗಟ್ಟಿಯಾಗಿ ನಿಂತದ್ದು ಒಂದೇ, ಬಂಡೆಲೋಳೆ. ಕೆಂಪು ಬಂಡೆಗಳ ಸಂದಿಯಲ್ಲಿ ಹಬ್ಬುವ, ಕುರಿಯೂ ಮೂಸದ ಬಳ್ಳಿ ಅದು. ಎಲೆ ಚಿವುಟಿದರೆ ಕೈಗೆ ಅಂಟುವ ರಸ ಹೊಟ್ಟೆಯ ಗೋಡೆಗೂ ಅಂಟಿ ಪೊರೆ ಕಟ್ಟುತ್ತಿತ್ತು. ಆದರೆ ಪೂರ್ತಿ ಅಳತೆ ಬೀಳಬೇಕು. ಕಡಿಮೆ ಬಿದ್ದರೆ ಪೊರೆ ಚೂರುಚೂರಾಗಿ, ನಡುವಿನ ಸಂದಿಯಲ್ಲಿ ಆಮ್ಲ ಇಳಿಯುತ್ತಿತ್ತು. ಮಾಳಿಗೆಯ ಅರ್ಧಕ್ಕೆ ಮಾತ್ರ ತಗಡು ಹಾಸಿದರೆ ಮನೆಯೆಲ್ಲ ನೆನೆಯುತ್ತದಲ್ಲ, ಹಾಗೆ.

ಇನ್ನು ಮನುಷ್ಯರ ಮೇಲೆ ನೋಡಬೇಕಿತ್ತು. ಸಾವಿರಾರು ಗಿಡಗಳು ಸರದಿಯಲ್ಲಿದ್ದವು, ಪರೀಕ್ಷೆಗೆ ಒಪ್ಪುವ ಜನ ಕಡಿಮೆ. ಅದಕ್ಕೇ ಸರ್ಕಾರ ಒಂದು ನಿಯಮ ಮಾಡಿತ್ತು: ಒಂದು ಗಿಡಕ್ಕೆ ಒಂದೇ ಅವಕಾಶ, ಅರವತ್ತು ದಿನ. ಅರವತ್ತನೆಯ ದಿನ ತೀರ್ಪು ಕೊಡುವುದು ನಿರ್ಣಾಯಕ ಎಂಬ ಯಂತ್ರ. ಅದು ಯಾರ ಮುಖವನ್ನೂ ನೋಡುವುದಿಲ್ಲ ಎಂದು ಎಲ್ಲರೂ ಹೊಗಳುತ್ತಿದ್ದರು. ನಾನೂ ಹೊಗಳಿದ್ದೆ.

ಪರೀಕ್ಷೆಗೆ ಸಿಕ್ಕವರು ಗುಳೇದಗುಡ್ಡದ ನೇಕಾರರ ಓಣಿಯೊಂದರ ಹೆಂಗಸರು. ಕುಪ್ಪಸದ ಬಟ್ಟೆಯಾದ ಖಣ ನೇಯುವವರು. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ದಿನವಿಡೀ ಲಾಳಿ ಎಸೆಯುವ ಕೈಗಳಿಗೆ ಕೆಂಪು ಗುಳಿಗೆ ಬೇಕೇಬೇಕು. ನಲವತ್ತು ಮಂದಿಗೂ ಒಂದೊಂದು ಕಾವಲುಮಣಿ ನುಂಗಿಸಿದೆವು. ಜೋಳದ ಕಾಳಿನಷ್ಟು ದೊಡ್ಡದು. ಅದು ಹೊಟ್ಟೆಯ ಗೋಡೆ ಹಿಡಿದು ಕುಳಿತು, ಲೋಳೆ ಎಷ್ಟು ದಪ್ಪವಿದೆ ಎಂದು ಗಂಟೆಗೊಮ್ಮೆ ಹೇಳುತ್ತಿತ್ತು. ಧಾರವಾಡದ ನಮ್ಮ ಗೋಡೆಯ ಮೇಲೆ ನಲವತ್ತು ಗೆರೆಗಳು ಹೊರಟವು.

ಮೊದಲ ದಿನ ಓಣಿಯ ಕಟ್ಟೆಯ ಮೇಲೆ ಎಲ್ಲರನ್ನೂ ಕೂಡಿಸಿ ನಾನೇ ವಿವರಿಸಿದ್ದೆ. ನನಗೆ ವಿವರಿಸುವ ಚಟ. ಕಾನೂನಿನ ಹಾಳೆಯನ್ನು ಓದಿ ಹೆಬ್ಬೆಟ್ಟು ಒತ್ತಿಸಿಕೊಂಡು ಬರುವವಳಲ್ಲ ನಾನು. "ನೋಡ್ರೀ, ಈ ಪೊಟ್ಟಣದ ಮ್ಯಾಲೆ ನಿಮ್ಮ ನಿಮ್ಮ ನಂಬರ್ ಐತಿ. ಇಪ್ಪತ್ತು ಮಂದೀದ್ರಾಗ ಖರೇ ಪುಡಿ, ಇಪ್ಪತ್ತು ಮಂದೀದ್ರಾಗ ಬರೇ ಜೋಳದ ತೌಡು. ಬಣ್ಣ, ರುಚಿ ಎಲ್ಲಾ ಒಂದ. ಯಾರದು ಯಾವುದು ನನಗೂ ಗೊತ್ತಿಲ್ಲ, ಯಂತ್ರಕ್ಕಷ್ಟ ಗೊತ್ತು. ಖರೇದು ಕುಡದವರ ಹೊಟ್ಟಿ ಚೊಲೊ ಉಳಿದ್ರ, ಮುಂದಿನ ವರ್ಷ ಕೆಂಪ ಗುಳಗಿ ನುಂಗೋರಿಗೆಲ್ಲಾ ಈ ಪುಡಿ ಸಿಗತೈತಿ."

ಸಾವಂತ್ರೆವ್ವ ಎಂಬಾಕೆ ಮುಂದೆ ಕುಳಿತಿದ್ದಳು. ಐವತ್ತರ ಹತ್ತಿರದ, ಗಂಡನನ್ನು ಜ್ವರದಲ್ಲೇ ಕಳೆದುಕೊಂಡ ಹೆಂಗಸು. ನಂಬರ್ ಹದಿನೇಳು. ಓಣಿ ಅವಳ ಮಾತು ಕೇಳುತ್ತಿತ್ತು.

"ಅಂದ್ರ ತೌಡು ಕುಡದವರ ಗತಿ ಏನ್ರಿ ಅಕ್ಕಾರ?"

"ಈಗ ಹೆಂಗ ಅದಾರೋ ಹಂಗ ಇರತಾರ್ರಿ. ಅರವತ್ತ ದಿನದ ಮಾತು."

ಅವಳು ಸುತ್ತ ಒಮ್ಮೆ ನೋಡಿದಳು. ನಲವತ್ತು ಹೆಬ್ಬೆಟ್ಟು ಬಿದ್ದವು. ಎಷ್ಟು ಚೆನ್ನಾಗಿ ಅರ್ಥಮಾಡಿಸಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಬಸ್ಸು ಹತ್ತಿದೆ.

ಇಪ್ಪತ್ತು ದಿನವಾದರೂ ಗೆರೆಗಳು ಎರಡು ಗುಂಪಾಗಲಿಲ್ಲ. ಮೂವತ್ತಾಯಿತು. ನಲವತ್ತೂ ಗೆರೆಗಳು ಒಂದಕ್ಕೊಂದು ಕೈ ಹಿಡಿದುಕೊಂಡಂತೆ ಕೆಳಗೆ ಇಳಿಯುತ್ತಿದ್ದವು. ಎಲ್ಲಕ್ಕಿಂತ ಕೆಳಗೆ ಹದಿನೇಳನೆಯದು. ನಮ್ಮ ಮುಖ್ಯಸ್ಥರು ಡಾಕ್ಟರ್ ಉಮಚಗಿ. ಬಂಡೆಲೋಳೆಗಾಗಿ ಹತ್ತು ವರ್ಷ ಸವೆಸಿದವರು. ಗೋಡೆಯ ಮುಂದೆ ಕುರ್ಚಿ ಹಾಕಿಕೊಂಡು ಕೂರಲಾರಂಭಿಸಿದರು.

"ಇಂದುಮತಿ, ಇದು ಗಿಡದ ತಪ್ಪಲ್ಲ," ಎಂದರು ನಲವತ್ಮೂರನೆಯ ದಿನ. "ಗಿಡ ಕೆಲಸ ಮಾಡಲಿಲ್ಲ ಅಂದ್ರ ಗೆರಿ ಇದಕ್ಕಿಂತ ಜೋರ್ ಇಳೀತಾವ. ಕೆಲಸ ಮಾಡಿದ್ರ ಅರ್ಧ ಮ್ಯಾಲೆ ನಿಲ್ಲಬೇಕು. ಇವು ಎರಡೂ ಅಲ್ಲ. ನೀ ಹೋಗಿ ನೋಡಿ ಬಾ."

ಮರುದಿನ ಸಂಜೆ ಐದರ ಹೊತ್ತಿಗೆ ಹೇಳದೆ ಕೇಳದೆ ಓಣಿಗೆ ಹೋದೆ. ಮಗ್ಗಗಳು ನಿಂತಿದ್ದವು. ಸಾವಂತ್ರೆವ್ವನ ಮನೆಯ ಮುಂದೆ ಹೆಂಗಸರು ತಂಬಿಗೆ, ಲೋಟ ಹಿಡಿದು ಸಾಲಾಗಿ ನಿಂತಿದ್ದರು. ಒಲೆಯ ಮೇಲೊಂದು ದೊಡ್ಡ ಬೋಗುಣಿ. ಪಕ್ಕದಲ್ಲಿ ಹರಿದ ನಲವತ್ತು ಪೊಟ್ಟಣ. ಸಾವಂತ್ರೆವ್ವ ಸೌಟಿನಿಂದ ಅಳೆದು ಅಳೆದು ಹಾಕುತ್ತಿದ್ದಳು.

ನನ್ನನ್ನು ಕಂಡು ಅವಳೇನೂ ಗಾಬರಿಯಾಗಲಿಲ್ಲ. "ಬರ್ರಿ ಅಕ್ಕಾರ, ಕುಂಡರ್ರಿ. ನೋಡ್ರೀ, ಒಬ್ಬಾಕೀಗೆ ಒಂದ ಹನಿ ಹೆಚ್ಚಿಲ್ಲ, ಒಬ್ಬಾಕೀಗೆ ಒಂದ ಹನಿ ಕಡಿಮಿಲ್ಲ."

ನಾನು ಕಟ್ಟೆಯ ಮೇಲೆ ಕುಳಿತೆ. "ಯಾವಾಗಿಂದ ಹಿಂಗ ಮಾಡಾಕತ್ತೀರಿ?"

"ಮೊದಲನೇ ದಿನದಿಂದಾನ."

ಜ್ವರದ ವರ್ಷ ಈ ಓಣಿಯಲ್ಲಿ ಯಾರ ಮನೆಯ ಒಲೆಯೂ ಹೊತ್ತುತ್ತಿರಲಿಲ್ಲವಂತೆ. ಅವತ್ತು ಯಾರು ಎದ್ದು ನಿಲ್ಲಬಲ್ಲರೋ ಅವರು, ಯಾವ ಮನೆಯಲ್ಲಿ ಏನಿದೆಯೋ ಅದನ್ನೆಲ್ಲ ಒಂದೇ ಬೋಗುಣಿಗೆ ಸುರಿದು ಅಂಬಲಿ ಕಾಯಿಸಿ, ಹಾಸಿಗೆ ಹಾಸಿಗೆಗೆ ಹೋಗಿ ಒಂದೊಂದು ಸೌಟು ಕುಡಿಸುತ್ತಿದ್ದರಂತೆ. ಒಬ್ಬಳಿಗೆ ಇದೆ, ಒಬ್ಬಳಿಗಿಲ್ಲ ಎನ್ನುವ ಮಾತು ಅಲ್ಲಿಗೇ ಮುಗಿದಿತ್ತು. ನಾನು ಬಂದು ಅದನ್ನೇ ಮತ್ತೆ ಆಡಿದ್ದೆ. ಅರ್ಧ ಮಂದಿಗೆ ಔಷಧಿ, ಅರ್ಧ ಮಂದಿಗೆ ತೌಡು ಎಂದು ಬಿಡಿಸಿ ಬಿಡಿಸಿ ಹೇಳಿದ್ದೆ. ಅವರಿಗೆ ಚೆನ್ನಾಗಿಯೇ ಅರ್ಥವಾಗಿತ್ತು.

ಅವರನ್ನು ಅಲ್ಲೇ ಕೂಡಿಸಿಕೊಂಡು ಮತ್ತೆ ವಿವರಿಸಿದೆ. ಈ ಸಲ ಹೆಮ್ಮೆ ಇರಲಿಲ್ಲ. ಅರ್ಧ ಅಳತೆ ಯಾರನ್ನೂ ಉಳಿಸುವುದಿಲ್ಲ ಎಂದೆ. ಹೀಗೇ ಹೋದರೆ ಗಿಡ ನಿಷ್ಪ್ರಯೋಜಕ ಎಂದು ಯಂತ್ರ ಬರೆಯುತ್ತದೆ, ಆಮೇಲೆ ಯಾರಿಗೂ ಎಂದಿಗೂ ಸಿಗುವುದಿಲ್ಲ ಎಂದೆ. "ಇನ್ನ ಹದಿನಾರು ದಿನ ಐತ್ರಿ. ಅರವತ್ತನೇ ದಿನ ಗೆರಿ ಎಲ್ಲಿ ನಿಂತಾವು, ಯಂತ್ರ ಅಷ್ಟ ನೋಡತೈತಿ. ನಾಳಿಂದ ಅವರವರ ಪುಡಿ ಅವರವರು ಕುಡೀರಿ. ನಿಮ್ಮ ಕಾಲು ಹಿಡ್ಕೋತೇನಿ."

ಕೂಸನ್ನು ಮಡಿಲಲ್ಲಿಟ್ಟುಕೊಂಡಿದ್ದ ಚೆನ್ನಿ ಎಂಬ ಚಿಕ್ಕ ವಯಸ್ಸಿನವಳು ಸಾವಂತ್ರೆವ್ವನ ಮುಖ ನೋಡಿದಳು. ಪಕ್ಕದ ಮನೆಯ ನೀಲವ್ವ ಕೇಳಿದಳು, "ಯಾರದು ಖರೇದು ಅಂತ ಯಾರಿಗೂ ಗೊತ್ತಿಲ್ಲ ಹೌದಲ್ರಿ?"

"ದೇವರಾಣಿ ಗೊತ್ತಿಲ್ಲ."

ಸಾವಂತ್ರೆವ್ವ ಬೋಗುಣಿಯನ್ನು ಕೆಳಗಿಳಿಸಿದಳು. "ಆತು ಬಿಡ್ರಿ. ದೇವರು ಹಂಚ್ಯಾನ ಅನ್ಕೋತೇವಿ. ಹದಿನಾರು ದಿನ ಕಣ್ಣ ಮುಚ್ಕೊಂಡು ಕುಡೀತೇವಿ."

ಹೊರಡುವಾಗ ಅವಳನ್ನು ಒಳಗೆ ಕರೆದೆ. ಹದಿನೇಳನೆಯ ಗೆರೆ ನನಗೆ ಗೊತ್ತಿತ್ತು. "ವಾಂತ್ಯಾಗ ಕರ್ರಗ ಏನಾರ ಬರತೈತೇನ್ರಿ?" ಎಂದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು. ಕೆಂಪು ಗುಳಿಗೆ ಬಿಡಿ, ಪರೀಕ್ಷೆಯೂ ಬೇಡ ಎಂದೆ.

"ಬಿಟ್ರ ಎರಡ ದಿನದಾಗ ಕಟಗಿ ಆಕ್ಕೇನ್ರಿ. ಹನ್ನೊಂದ ತಿಂಗಳ ಬಿದ್ದಿದ್ದೆ ಅಕ್ಕಾರ. ಇನ್ನೊಬ್ಬರು ಎತ್ತಿ ಬಚ್ಚಲಕ್ಕ ಒಯ್ಯೂದು, ಅವರ ಮಾರಿ ನೋಡೂದು... ಮತ್ತ ಬೀಳಾಂಗಿಲ್ಲ ನಾ."

ಧಾರವಾಡಕ್ಕೆ ಬಂದು ಉಮಚಗಿಯವರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮತ್ತೆ ತೆಗೆದು ಒರೆಸಿದರು. "ನೀ ನನಗ ಏನೂ ಹೇಳಿಲ್ಲ, ನಾ ಏನೂ ಕೇಳಿಲ್ಲ," ಎಂದರು. ಮೂವತ್ತು ವರ್ಷದ ನೌಕರಿಯಲ್ಲಿ ಅವರಾಡಿದ ಮೊದಲ ಸುಳ್ಳು ಅದು ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ನಲವತ್ತೊಂಬತ್ತನೆಯ ದಿನ ಬೆಳಿಗ್ಗೆ ನಾನು ಕೋಣೆಗೆ ಬಂದಾಗ ಉಮಚಗಿಯವರು ಗೋಡೆಯ ಮುಂದೆ ನಿಂತಿದ್ದರು. ಗೆರೆಗಳು ಬಿಡಿಸಿಕೊಳ್ಳುತ್ತಿದ್ದವು. ಐವತ್ತೊಂದರ ಹೊತ್ತಿಗೆ ಇಪ್ಪತ್ತು ಗೆರೆಗಳು ಮೇಲೆ ಹೋಗಿ ನಿಂತವು. ಅವುಗಳ ನಡುವೆ ಒಂದೂ ತಪ್ಪಿರಲಿಲ್ಲ. ಉಮಚಗಿಯವರು ಅಟೆಂಡರನ್ನು ಕಳಿಸಿ ಪೇಢೆ ತರಿಸಿದರು, ತಾವು ಮಾತ್ರ ತಿನ್ನಲಿಲ್ಲ, ಅತ್ತುಬಿಟ್ಟರು. ನಾನು ಎರಡು ತಿಂದೆ. ಆ ಪೇಢೆಯ ರುಚಿ ನೆನೆದರೆ ಈಗಲೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಯಾಕೆಂದರೆ ಉಳಿದ ಇಪ್ಪತ್ತು ಗೆರೆಗಳೂ ಅದೇ ಗೋಡೆಯ ಮೇಲಿದ್ದವು. ಅರ್ಧ ಪಾಲಿನ ಆಸರೆಯೂ ತಪ್ಪಿ ಅವು ಜೋರಾಗಿ ಇಳಿಯುತ್ತಿದ್ದವು. ಇಪ್ಪತ್ತೆರಡು ಚೆನ್ನಿಯದು. ಎಲ್ಲಕ್ಕಿಂತ ಕೆಳಗೆ ಹದಿನೇಳು. ಐವತ್ತೆರಡನೆಯ ದಿನ ಮಧ್ಯಾಹ್ನ ಹದಿನೇಳರ ಪಕ್ಕದಲ್ಲಿ ಕೆಂಪು ಚುಕ್ಕೆ ಬಂತು. ಮಣಿಗೆ ರಕ್ತ ತಾಗಿದೆ ಎಂದು ಅದರ ಅರ್ಥ.

ಯಾರದು ಖರೆ, ಯಾರದು ತೌಡು ಎಂದು ನಮಗೆ ತಿಳಿಯಬಾರದೆಂದು ಅಷ್ಟೆಲ್ಲ ಗುಟ್ಟು ಮಾಡಿದ್ದರಲ್ಲ, ಈಗ ಗೋಡೆಯೇ ಕೂಗಿ ಹೇಳುತ್ತಿತ್ತು. ಸಾವಂತ್ರೆವ್ವನದು ತೌಡು. ಪಕ್ಕದ ಮನೆಯ ನೀಲವ್ವನದು, ನಂಬರ್ ಒಂಬತ್ತು, ಖರೆ.

"ಎಂಟ ದಿನ, ಇಂದುಮತಿ," ಎಂದರು ಉಮಚಗಿ. ನನ್ನ ಮುಖದಲ್ಲಿ ಏನು ಕಂಡಿತೋ. "ಎಂಟ ದಿನ ತಡಕೊಂಡ್ರ ಲಕ್ಷಗಟ್ಟಲೆ ಮಂದಿ ಉಳೀತಾರ. ಆಸ್ಪತ್ರಿಗೆ ಹೋಗು ಅಂತ ಹೇಳು ಆಕೀಗೆ. ಅದಕ್ಕ ನಿಯಮದಾಗ ಅವಕಾಶ ಐತಿ."

ಫೋನು ಮಾಡಿ ಹೇಳಿದೆ. ಸಾವಂತ್ರೆವ್ವ ನಕ್ಕಳು. "ಎಂಟ ದಿನ ಅಲ್ರಿ? ಇದೊಂದ ಖಣ ಮುಗಸಿ ಹೋಗತೇನಿ."

ನಾನು ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಯೋಚಿಸಿದೆ. ಒಂದೇ ಒಂದು ಗೆರೆ ಅದಲುಬದಲಾದರೆ ಯಂತ್ರದ ತೀರ್ಪು ಬದಲಾಗುವುದಿಲ್ಲ. ಮೇಲೆ ಇಪ್ಪತ್ತು, ಕೆಳಗೆ ಇಪ್ಪತ್ತು, ಎರಡು ನಂಬರು ಮಾತ್ರ ಆಚೀಚೆ. ನೀಲವ್ವನ ಹೊಟ್ಟೆ ಗಟ್ಟಿಯಾಗಿತ್ತು, ಎಂಟು ದಿನ ತೌಡು ತಡೆಯುತ್ತಿತ್ತು. ಎಲ್ಲವನ್ನೂ ಕೂಡಿಸಿ ಕಳೆದು ನೋಡಿದೆ, ಸರಿಯಾಗಿಯೇ ಇತ್ತು. ನೀಲವ್ವನಿಗೆ ಫೋನು ಹಚ್ಚಿದೆ.

"ನೀಲವ್ವಾರ, ಇವತ್ತಿಂದ ನಿಮ್ಮ ಪುಡಿ ಸಾವಂತ್ರೆವ್ವಾರಿಗೆ ಕೊಡ್ರಿ. ಆಕೀದು ನೀವು ತಗೋರಿ. ಯಾರಿಗೂ ಹೇಳಬ್ಯಾಡ್ರಿ."

ಆ ಕಡೆ ಮಗ್ಗದ ಸದ್ದು ನಿಂತಿತು. "ಹಂಗಾರ ನಂದು ಖರೇದೇನ್ರಿ ಅಕ್ಕಾರ?"

ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದೇ ಉತ್ತರವಾಯಿತು.

"ಮತ್ತ ಚೆನ್ನೀದು?"

ಫೋನು ಇಟ್ಟುಬಿಟ್ಟೆ.

ಮರುದಿನ ಸಂಜೆ ಐದಕ್ಕೆ ನಾನು ಗೋಡೆಯ ಮುಂದೆಯೇ ಇದ್ದೆ. ಹದಿನೇಳು ಸ್ವಲ್ಪ ತಡೆದಂತೆ ಕಂಡಿತು. ಒಂಬತ್ತು ತುಸು ಇಳಿಯಿತು. ಅದು ಸರಿ, ಅದನ್ನೇ ನಾನು ಬಯಸಿದ್ದು. ಆದರೆ ಅದರ ಮರುದಿನ ನಾಲ್ಕು ಇಳಿಯಿತು, ಹನ್ನೊಂದು ಇಳಿಯಿತು, ಮೂವತ್ತು ಇಳಿಯಿತು. ಮೇಲೆ ನಿಂತಿದ್ದ ಗೆರೆಗಳು ಒಂದೊಂದಾಗಿ ಕೆಳಗೆ ಬಾಗತೊಡಗಿದವು. ಕೆಳಗಿನವು ಒಂದಿಷ್ಟು ತಡೆದುಕೊಂಡು, ಮತ್ತೆ ಇಳಿದವು. ಓಣಿಯಲ್ಲಿ ಏನಾಗುತ್ತಿದೆ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಬೋಗುಣಿ ಮತ್ತೆ ಒಲೆಯ ಮೇಲೆ ಕುಳಿತಿತ್ತು.

ನೀಲವ್ವನಿಗೆ ಮತ್ತೆ ಮತ್ತೆ ಫೋನು ಮಾಡಿದೆ. ಕೊನೆಗೆ ಎತ್ತಿಕೊಂಡಳು.

"ನೀವು ಹೇಳಿದ್ದು ಮರತಿಲ್ರಿ ಅಕ್ಕಾರ. ಅರ್ಧ ಕುಡದ್ರ ಯಾರೂ ಉಳಿಯಂಗಿಲ್ಲ ಅಂತ ಎಲ್ಲಾರಿಗೂ ಗೊತ್ತೈತಿ. ಆದ್ರ ಗೊತ್ತಿಲ್ಲದಾಗ ದೇವರು ಹಂಚಿದ್ದ. ಈಗ ಗೊತ್ತಾಗೇತಿ. ಸಾವಂತ್ರೆವ್ವಗ ನಂದು ಕೊಟ್ಟೆ. ಚೆನ್ನಿ ಬಾಗಲದಾಗ ನಿಂತು ನೋಡಿದ್ಲು. ಏನೂ ಕೇಳಲಿಲ್ರಿ ಆಕಿ, ಸುಮ್ಮನ ನೋಡಿದ್ಲು. ಮರುದಿನ ಸಂಜೀಗೆ ಹೊಟ್ಟಿ ಉರಿ ಕಡಿಮಿ ಆದವರೆಲ್ಲಾ ತಾವ ಎದ್ದು ಪೊಟ್ಟಣ ತಂದ್ರು. ಆಕಿ ಮುಂದ ಹೆಂಗ ಕುಡೀಬೇಕ್ರಿ, ನೀವ ಹೇಳ್ರಿ."

ಎರಡು ಸಲ ಓಣಿಗೆ ವಿವರಿಸಿದವಳು ನಾನು. ಮೂರನೆಯ ಸಲಕ್ಕೆ ಹೋಗದೆ ಫೋನು ಇಟ್ಟೆ. ಸಿಟ್ಟು ಬರಲಿ ಎಂದು ಕಾದೆ, ಬರಲಿಲ್ಲ.

ಐವತ್ತೇಳನೆಯ ದಿನ ನಲವತ್ತೂ ಗೆರೆಗಳು ಮತ್ತೆ ಒಂದಾದವು. ಐವತ್ತೆಂಟರಂದು ಸಾವಂತ್ರೆವ್ವ ಮಗ್ಗದ ಕುಣಿಯಲ್ಲೇ ರಕ್ತ ಕಾರಿಕೊಂಡು ಬಿದ್ದಳು. ಓಣಿಯವರು ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಅರವತ್ತರ ಬೆಳಿಗ್ಗೆ ನಿರ್ಣಾಯಕ ತೀರ್ಪು ಕೊಟ್ಟಿತು: ಬಂಡೆಲೋಳೆ, ಪರಿಣಾಮವಿಲ್ಲ, ಮುಕ್ತಾಯ.

ನಾನು ಮಾಡಿದ ಫೋನು, ಓಣಿಯ ಬೋಗುಣಿ, ಎರಡು ಮೂರು ದಿನ ಮೇಲೆ ನಿಂತಿದ್ದ ಇಪ್ಪತ್ತು ಗೆರೆಗಳು, ಎಲ್ಲವನ್ನೂ ಬರೆದುಕೊಟ್ಟೆ. ಉಮಚಗಿಯವರು ಕೆಳಗೆ ಸಹಿ ಹಾಕಿದರು. ಉತ್ತರ ಅರ್ಧ ನಿಮಿಷದಲ್ಲಿ ಬಂತು. ನಮ್ಮಿಬ್ಬರ ಮೇಲಿನ ವಿಚಾರಣೆ ಬೇರೆ ಕಡತ, ತೀರ್ಪು ಬೇರೆ ಕಡತ. ಹಂಚಿದ ಪೊಟ್ಟಣದ ಪ್ರಕಾರವೇ ತೀರ್ಪು, ಕುಡಿದವರು ಯಾರು ಎಂದು ನೋಡುವ ನಿಯಮವಿಲ್ಲ. ನಾನು ಅದೇ ಮಾತನ್ನು ಮೂರು ಬಗೆಯಲ್ಲಿ ಬರೆದು ಕಳಿಸಿದೆ. ಮೂರು ಸಲವೂ ಅದೇ ಉತ್ತರ.

ಕಿಟಕಿಯಿಂದ ನೋಡಿದರೆ ನೆರಳುಮನೆಯಲ್ಲಿ ಇಬ್ಬರು ಆಳುಗಳು ಬಂಡೆಲೋಳೆಯ ಬಳ್ಳಿಗಳನ್ನು ಬುಡಸಹಿತ ಎಳೆದು ಬುಟ್ಟಿಗೆ ಹಾಕುತ್ತಿದ್ದರು. ಮಧ್ಯಾಹ್ನದೊಳಗೆ ಮಡಿ ಬೇರೆ ಗಿಡಕ್ಕೆ ಬೇಕಾಗಿತ್ತು. ಬಂಡೆಯ ಮೇಲೆ ಅದು ಬೆಳೆಯುತ್ತಲೇ ಇರುತ್ತದೆ, ಆದರೆ ತಿರಸ್ಕೃತ ಗಿಡವನ್ನು ಔಷಧಿಯೆಂದು ಕೊಟ್ಟವರಿಗೆ ಶಿಕ್ಷೆಯಿತ್ತು. ಅಳತೆಯಂತೆ ಒಣಗಿಸಿ ಪುಡಿ ಮಾಡುವ ಯಂತ್ರ ಕೇಂದ್ರದಲ್ಲಿ ಮಾತ್ರ ಇತ್ತು. ಉಮಚಗಿಯವರು ಆ ಕಡೆ ಬೆನ್ನು ಹಾಕಿ ಕುಳಿತಿದ್ದರು.

ಎರಡು ದಿನ ಬಿಟ್ಟು ಆಸ್ಪತ್ರೆಗೆ ಹೋದೆ. ಬೆಳಗಿನ ಹನ್ನೊಂದು ಗಂಟೆ. ಸಾವಂತ್ರೆವ್ವನ ಮುಖ ಬಿಳಚಿಕೊಂಡು ಇಷ್ಟೇ ಆಗಿತ್ತು. ಹೊಟ್ಟೆ ತೂತಾಗಿದೆ, ಕೊಟ್ಟ ರಕ್ತ ನಿಲ್ಲುತ್ತಿಲ್ಲ, ಮೈ ಶಸ್ತ್ರಚಿಕಿತ್ಸೆ ತಡೆಯುವುದಿಲ್ಲ ಎಂದು ಡಾಕ್ಟರು ಬಾಗಿಲಲ್ಲೇ ಹೇಳಿದ್ದರು. ಕೆಂಪು ಗುಳಿಗೆ ನಿಲ್ಲಿಸಿದ್ದರಿಂದ ಬೆರಳುಗಳು ಮುದುಡಿ ನಿಂತಿದ್ದವು. ಮಂಚದ ಆಚೆ ಬದಿಯಲ್ಲಿ ಚೆನ್ನಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ತೀರ್ಪಿನ ಕಾಗದ ಹಿಂದಿನ ದಿನವೇ ಓಣಿಗೆ ಹೋಗಿತ್ತು.

ಸಾವಂತ್ರೆವ್ವ ಕಣ್ಣು ತೆರೆದು ನನ್ನನ್ನು ಗುರುತಿಸಿದಳು. "ನಿಮ್ಮ ಗಿಡ ಪಾಸಾತೇನ್ರಿ ಅಕ್ಕಾರ?"

ಯಾರೂ ಅವಳಿಗೆ ಹೇಳಿರಲಿಲ್ಲ.

"ಪಾಸಾತ್ರಿ," ಎಂದೆ.

"ಚೊಲೊ ಆತು." ಸ್ವಲ್ಪ ಹೊತ್ತು ಉಸಿರಾಡಿಕೊಂಡಳು. ಆಮೇಲೆ ನನ್ನನ್ನು ಹತ್ತಿರ ಬಾ ಎಂಬಂತೆ ನೋಡಿದಳು. ಬಗ್ಗಿದೆ. ಹನಿ ಹೆಚ್ಚಿಲ್ಲ, ಹನಿ ಕಡಿಮೆಯಿಲ್ಲ ಎಂದು ಅಳೆದು ಹಾಕಿದ ಹೆಂಗಸು, ಓಣಿಗೆ ಕೇಳಿಸಬಾರದು ಎನ್ನುವಷ್ಟು ಸಣ್ಣ ದನಿಯಲ್ಲಿ ಹೇಳಿದಳು: "ಪುಡಿ ಬಂದ ಕೂಡಲೇ ಮೊದಲ ಚೆನ್ನೀಗೆ ಕೊಡ್ರಿ. ಪೂರಾ ಕೊಡ್ರಿ. ಕೂಸು ಸಣ್ಣದೈತಿ."

"ಆಕೀಗೆ ಮೊದಲ ಕೊಡತೇನ್ರಿ," ಎಂದೆ.

ತಲೆಯೆತ್ತಿದಾಗ ಚೆನ್ನಿ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲ ಕೇಳಿಸಿತ್ತು. ಕೂಸನ್ನು ಈ ಭುಜದಿಂದ ಆ ಭುಜಕ್ಕೆ ಹಾಕಿಕೊಂಡು, ಸಾವಂತ್ರೆವ್ವನ ಕಡೆ ತಿರುಗಿ, "ಅಕ್ಕಾರು ಕೊಡತಾರಂತ ಎವ್ವಾ, ನೀ ಮಲಕ್ಕೊ" ಎಂದಳು.